ಠಾಣೆಯಲ್ಲಿ ಬಾಯಿ ಬಿಡಿ, ವಾಟ್ಸಾಪ್‌ನಲ್ಲಿ ಸುಮ್ಮನಿರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ತಂದೆ ತಾಯಂದಿರಿಗೆ, ಸೋದರಮಾವಂದಿರಿಗೆ, ಮನೆಯ ಹಿರಿಯರಿಗೆ,



ಈ ಜಿಲ್ಲೆಯಲ್ಲಿ ಖಾಸಗಿ ಪತ್ತೇದಾರಿಕೆ ಮಾಡಿಕೊಂಡಿರುವವನು ನಾನು. ಮಗನೋ ಮಗಳೋ ಹೊತ್ತು ಕಳೆದರೂ ಮನೆಗೆ ಬಾರದೇ ಹೋದಾಗ ನಿಮ್ಮಲ್ಲಿ ಕೆಲವರು ನನ್ನಂಥವರಿಗೆ ಫೋನ್ ಮಾಡುತ್ತೀರಿ. ಆ ಕಡೆಯಿಂದ ಮೊದಲು ಬರುವುದು ಮಗುವಿನ ವಯಸ್ಸಲ್ಲ, ಮನೆಯಿಂದ ಹೊರಟ ಗಂಟೆಯೂ ಅಲ್ಲ. “ಊರಿನವರಿಗೆ ಗೊತ್ತಾಗಬಾರದು” ಎಂಬ ಮಾತು. ಕಾಣೆಯಾದದ್ದು ಹುಡುಗಿಯಾದರೆ “ನಾಳೆ ಮದುವೆ ಆಗಬೇಕಾದವಳು” ಎಂದು ಇನ್ನೊಂದು ಸೇರುತ್ತದೆ. ಠಾಣೆಗೆ ಹೋಗಿದ್ದೀರಾ ಎಂದು ಕೇಳಿದರೆ, ಇಲ್ಲ. ನಾಳೆ ನೋಡುವ, ನಾಡಿದ್ದು ನೋಡುವ. ಅಷ್ಟರಲ್ಲಿ ಸಂಬಂಧಿಕರಲ್ಲಿ ಯಾರೋ ಒಬ್ಬರು ಮಗುವಿನ ಫೋಟೊ, ಕಾಲೇಜು, ತಂದೆಯ ನಂಬರು ಎಲ್ಲವನ್ನೂ ವಾಟ್ಸಾಪ್ ಗುಂಪುಗಳಿಗೆ ಹಾಕಿ ಆಗಿರುತ್ತದೆ. ಬಾಯಿ ಬಿಡಬೇಕಾದ ಕಡೆ ಗುಟ್ಟು, ಗುಟ್ಟಾಗಿರಬೇಕಾದ ಕಡೆ ಗದ್ದಲ. ಈ ಅದಲುಬದಲಿನಿಂದ ಏನೇನಾಗುತ್ತದೆ ಎಂದು ನಮ್ಮ ಮೂರು ತಾಲೂಕುಗಳು ಕಣ್ಣಾರೆ ಕಂಡಿವೆ. ಅದನ್ನೇ ಹೇಳಲು ಈ ಪತ್ರ.

ಇತ್ತೀಚಿನದನ್ನೇ ತೆಗೆದುಕೊಳ್ಳಿ. 2025ರ ಫೆಬ್ರವರಿ 25, ಮಂಗಳವಾರ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ ದ್ವಿತೀಯ ಪಿಯು ಓದುತ್ತಿದ್ದ ಹುಡುಗನೊಬ್ಬ ಸಂಜೆ ಮನೆಯಿಂದ ಹೊರಟವನು ಹಿಂದಿರುಗಲಿಲ್ಲ. ಅವನ ಹೆಸರನ್ನು ಅಂದು ಊರೆಲ್ಲ ಉಚ್ಚರಿಸಿತ್ತು, ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ರೈಲು ಹಳಿಯ ಹತ್ತಿರ ಅವನ ಚಪ್ಪಲಿ ಮತ್ತು ಮೊಬೈಲ್ ಸಿಕ್ಕವು. ಚಪ್ಪಲಿಯಲ್ಲಿ ರಕ್ತದ ಕಲೆ ಇತ್ತು. ಅಷ್ಟು ಸಾಕಾಯಿತು. ಕೊಲೆ ಎಂದರು, ಅಪಹರಣ ಎಂದರು, ಗಾಂಜಾ ಜಾಲ ಎಂದರು. ಯಾವ ಸಮುದಾಯದವರು ಮಾಡಿರಬಹುದು ಎಂಬ ಪಿಸುಮಾತು ಪಿಸುಮಾತಾಗಿ ಉಳಿಯಲಿಲ್ಲ. ಮಾರ್ಚ್ 1ರಂದು ಫರಂಗಿಪೇಟೆ ಬಂದ್ ಆಯಿತು. ಮನೆಯವರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ವಿಷಯ ವಿಧಾನಸಭೆಯವರೆಗೂ ಹೋಯಿತು. ಡ್ರೋನ್ ಹಾರಿತು, ಶ್ವಾನದಳ ಬಂತು, ಪೊಲೀಸರು ದೊಡ್ಡ ಸಂಖ್ಯೆಯಲ್ಲಿ ಹಳಿಯ ಆಚೀಚೆ ಕಾಡು ಪೊದೆ ಜಾಲಾಡಿದರು.

ಮಾರ್ಚ್ 8ರಂದು ಹುಡುಗ ಉಡುಪಿಯ ಡಿ-ಮಾರ್ಟ್‌ನಲ್ಲಿ ಸಿಕ್ಕಿದ. ಅಲ್ಲಿಯ ಸಿಬ್ಬಂದಿ ವಿಚಾರಿಸಿದರು, ತಾಯಿಗೆ ಫೋನ್ ಹೋಯಿತು. ಅಂದಿನ ಎಸ್ಪಿ ಯತೀಶ್ ಎನ್. ವಿವರಿಸಿದ ಪ್ರಕಾರ ಅವನನ್ನು ಯಾರೂ ಅಪಹರಿಸಿರಲಿಲ್ಲ. ಪರೀಕ್ಷೆಯ ಹೆದರಿಕೆಗೆ ತಾನಾಗಿಯೇ ಹೋಗಿದ್ದ. ಶಿವಮೊಗ್ಗ, ಮೈಸೂರು, ಬೆಂಗಳೂರು ಸುತ್ತಿ, ನಂದಿ ಬೆಟ್ಟದ ಕಡೆ ರೆಸಾರ್ಟ್ ಒಂದರಲ್ಲಿ ಕೆಲವು ದಿನ ಕೆಲಸವನ್ನೂ ಮಾಡಿ, ರೈಲಿನಲ್ಲಿ ಹಿಂದೆ ಬಂದು ಉಡುಪಿಯಲ್ಲಿ ಇಳಿದಿದ್ದ. ಚಪ್ಪಲಿಯ ರಕ್ತ ಕಾಲಿನ ಗಾಯದ್ದು.

ಆ ಕುಟುಂಬದವರು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಅವರು ದೂರು ಕೊಟ್ಟರು, ಕೋರ್ಟಿಗೆ ಹೋದರು, ಪಟ್ಟು ಹಿಡಿದರು. ತಪ್ಪಿದ್ದು ಸುತ್ತ ನಿಂತ ನಾವೆಲ್ಲ. ದ್ವಿತೀಯ ಪಿಯು ಪರೀಕ್ಷೆ ಶುರುವಾಗುವುದು ಮಾರ್ಚ್ 1ಕ್ಕೆ ಎಂಬುದು ಪ್ರತಿ ಮನೆಯ ಕ್ಯಾಲೆಂಡರಿನಲ್ಲಿ ಬರೆದಿತ್ತು. ಹುಡುಗ ಹೋದದ್ದು ಅದಕ್ಕೆ ನಾಲ್ಕೇ ದಿನ ಮೊದಲು. ಆ ಲೆಕ್ಕ ಎದುರಿಗಿದ್ದರೂ ನಮ್ಮ ಬೀದಿ ಬೇರೆಯದೇ ಕತೆ ಹೇಳಲು ಹೊರಟಿತು. ಕರಾವಳಿಯಲ್ಲಿ ಒಂದು ಜೊತೆ ಚಪ್ಪಲಿಯಿಂದ ಊರಿಗೆ ಬೆಂಕಿ ಬೀಳಲು ಹೆಚ್ಚು ಹೊತ್ತು ಬೇಡ, ಅದು ನಿಮಗೂ ಗೊತ್ತು.

ಇನ್ನು ಗುಟ್ಟಿನ ಕತೆ. ಅದಕ್ಕೆ ತೆತ್ತ ಬೆಲೆ ಇದಕ್ಕಿಂತ ಎಷ್ಟೋ ದೊಡ್ಡದು. 2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಳು. ಅನ್ಯಮತದವನ ಜೊತೆ ಓಡಿಹೋದಳು ಎಂಬ ಸುದ್ದಿ ಹಬ್ಬಿ ಪ್ರತಿಭಟನೆ ಆಯಿತು. ಪೊಲೀಸರು ಅವಳ ಫೋನ್ ಕರೆಗಳ ಜಾಡು ಹಿಡಿದು ಹೊರಟರೆ ಅದು ಇನ್ನೊಬ್ಬ ಕಾಣೆಯಾದ ಹೆಣ್ಣುಮಗಳ ಫೋನಿಗೆ ಹೋಗಿ ನಿಂತಿತು. ಅಲ್ಲಿಂದ ಮತ್ತೊಬ್ಬಳದಕ್ಕೆ. ಆ ವರ್ಷದ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಹಿಂದೆ ದೈಹಿಕ ಶಿಕ್ಷಕನಾಗಿದ್ದ ಮೋಹನ್ ಕುಮಾರ್, ಸಯನೈಡ್ ಮೋಹನ್ ಎಂದು ನೀವು ಬಲ್ಲವನು. 2003ರಿಂದ 2009ರ ತನಕ 20 ಹೆಣ್ಣುಮಕ್ಕಳು. ವರದಕ್ಷಿಣೆ ಇಲ್ಲದೆ ಮದುವೆ ಎಂದು ನಂಬಿಸಿ, ಬೇರೆ ಊರಿಗೆ ಕರೆದೊಯ್ದು, ಗರ್ಭ ನಿಲ್ಲದಿರಲು ಮಾತ್ರೆ ಎಂದು ಹೇಳಿ ಸಯನೈಡ್ ಕೊಡುತ್ತಿದ್ದ. ಅವರಲ್ಲಿ ಹೆಚ್ಚಿನವರು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸತ್ತು ಬಿದ್ದರು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. ಬರಿಮಾರಿನ ಪ್ರಕರಣದಲ್ಲಿ ಹೈಕೋರ್ಟ್ 2017ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ತೀರ್ಪು ಬರುವಾಗ 2020.

ಆರು ವರ್ಷ ಅವನು ತಪ್ಪಿಸಿಕೊಂಡದ್ದು ಹೇಗೆ? ಬುದ್ಧಿವಂತಿಕೆಯಿಂದ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಹೆಣ್ಣುಮಕ್ಕಳು ಸತ್ತದ್ದು ದೂರದ ಊರುಗಳ ಬಸ್ ನಿಲ್ದಾಣಗಳಲ್ಲಿ. ಅಲ್ಲಿಯ ಠಾಣೆಯಲ್ಲಿ ಅದು ಅಪರಿಚಿತ ಮಹಿಳೆಯ ಅಸಹಜ ಸಾವು. ಇಲ್ಲಿ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ದೂರೇ ಇಲ್ಲ. ಮಗಳು ಯಾರದೋ ಜೊತೆ ಹೋದಳು, ಎಲ್ಲೋ ಸುಖವಾಗಿರಲಿ, ಹೆಸರು ಎತ್ತುವುದು ಬೇಡ. ಕಾಣೆಯಾದವಳ ಕಡತ ಇದ್ದಿದ್ದರೆ ಅಪರಿಚಿತ ಶವದ ಕಡತಕ್ಕೆ ಅದನ್ನು ಯಾರಾದರೂ ಹೊಂದಿಸಿ ನೋಡಬಹುದಿತ್ತು. ಒಂದು ಕಡೆಯ ಕಾಗದವೇ ಇಲ್ಲದಿದ್ದರೆ ಹೊಂದಿಸುವುದು ಯಾವುದಕ್ಕೆ? ಮನೆತನದ ಮರ್ಯಾದೆ ಎಂದು ನಾವು ಮುಚ್ಚಿಟ್ಟದ್ದು ಆ ಮನುಷ್ಯನಿಗೆ ಮುಂದಿನ ಹೆಣ್ಣನ್ನು ಹುಡುಕಲು ಸಮಯ ಕೊಟ್ಟಿತು. ಇದಕ್ಕಿಂತ ಮೆತ್ತಗೆ ಹೇಳಲು ನನ್ನಿಂದಾಗದು.

ಬೆಳ್ತಂಗಡಿಯವರಿಗೆ 2012ರ ಅಕ್ಟೋಬರ್ 9ನ್ನು ನೆನಪಿಸಬೇಕಾಗಿಲ್ಲ. ಕಾಲೇಜಿನಿಂದ ಮನೆಗೆ ಹೊರಟ 17 ವರ್ಷದ ಹುಡುಗಿ ಮನೆ ಸೇರಲಿಲ್ಲ, ಮರುದಿನ ಶವ ಸಿಕ್ಕಿತು. ಸಿಐಡಿ ಬಂತು, ಸಿಬಿಐ ಬಂತು. 2023ರ ಜೂನ್ 16ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆರೋಪಿಯನ್ನು ಖುಲಾಸೆ ಮಾಡಿತು. ಹತ್ತು ವರ್ಷ ಕಳೆದ ಮೇಲೆಯೂ ಆ ಹುಡುಗಿಯ ತಾಯಿಯ ಪ್ರಶ್ನೆ ಮೊದಲಿನಲ್ಲೇ ಇತ್ತು. ಮೊದಲ ಕೆಲವು ಗಂಟೆಗಳಲ್ಲಿ ಕೈತಪ್ಪಿದ ಸಾಕ್ಷ್ಯವನ್ನು ಆಮೇಲೆ ಯಾವ ಸಂಸ್ಥೆ ಬಂದರೂ ಹುಟ್ಟಿಸಲಾರದು.

ಈಗ ನನ್ನ ವೃತ್ತಿಯ ಬಗ್ಗೆ ನೇರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಹಲವರು ನಮ್ಮನ್ನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಲೆಕ್ಕದಲ್ಲಿ ನೋಡುತ್ತೀರಿ. ಭಾರತದಲ್ಲಿ ಖಾಸಗಿ ಪತ್ತೇದಾರರಿಗೆ ಪರವಾನಗಿ ಕೊಡುವ ಕಾಯ್ದೆಯೇ ಇಲ್ಲ. 2005ರ ಕಾಯ್ದೆ ಇರುವುದು ಕಾವಲುಗಾರರನ್ನು ಒದಗಿಸುವ ಭದ್ರತಾ ಸಂಸ್ಥೆಗಳಿಗೆ. ಪತ್ತೇದಾರಿ ಸಂಸ್ಥೆಗಳ ನಿಯಂತ್ರಣಕ್ಕೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. ಹಾಗಾಗಿ ನಾನು ಯಾರ ಮನೆಯನ್ನೂ ಶೋಧಿಸುವ ಹಾಗಿಲ್ಲ, ಯಾರನ್ನೂ ಹಿಡಿದಿಡುವ ಹಾಗಿಲ್ಲ. ಕರೆ ವಿವರ, ಟವರ್ ಲೊಕೇಶನ್ ಇವೆಲ್ಲ ಪೊಲೀಸರ ಹಿರಿಯ ಅಧಿಕಾರಿಯ ಮೂಲಕವೇ ಮೊಬೈಲ್ ಕಂಪನಿಯಿಂದ ಬರಬೇಕು. “ಇಷ್ಟು ಕೊಡಿ, ಲೊಕೇಶನ್ ತೆಗೆಸಿಕೊಡುತ್ತೇನೆ” ಎಂದು ಯಾವನಾದರೂ ಹೇಳಿದರೆ ಅವನು ಸುಳ್ಳುಗಾರ, ಇಲ್ಲವೇ ಅಪರಾಧಿ. ಕರೆ ವಿವರ ಮಾರಾಟದ ಪ್ರಕರಣದಲ್ಲಿ 2018ರಲ್ಲಿ ಮಹಾರಾಷ್ಟ್ರದ ಥಾಣೆ ನಗರದ ಪೊಲೀಸರು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು. ಮಗುವಿನ ಚಿಂತೆಯಲ್ಲಿರುವ ತಂದೆ ಯಾವುದಕ್ಕೂ ದುಡ್ಡು ಕೊಡುತ್ತಾನೆ, ಅದು ಆ ಜನಕ್ಕೆ ಚೆನ್ನಾಗಿ ಗೊತ್ತು.

ಹಾಗಾದರೆ ನಾವು ಮಾಡುವುದೇನು? ನಡೆಯುತ್ತೇವೆ, ಕೇಳುತ್ತೇವೆ, ಕಾಯುತ್ತೇವೆ. ಪೊಲೀಸರಿಗೆ ನೂರು ಕೇಸಿದ್ದರೆ ನನಗೆ ನಿಮ್ಮದೊಂದೇ, ವ್ಯತ್ಯಾಸ ಅಷ್ಟೇ. ಆದರೆ ನಾನು ಕಂಡು ಹಿಡಿದದ್ದಕ್ಕೆ ಬಲ ಬರಬೇಕಾದರೆ ಹಿಂದೆ ಒಂದು ಎಫ್‌ಐಆರ್ ಇರಬೇಕು. ಅಂಗಡಿಯವರು ನನಗೆ ಕ್ಯಾಮೆರಾ ತೋರಿಸಿದರೂ ತೋರಿಸಬಹುದು, ತೋರಿಸದೆಯೂ ಇರಬಹುದು. ಪೊಲೀಸರು ಬರೆದು ಕೇಳಿದರೆ ಇಲ್ಲ ಎನ್ನುವಂತಿಲ್ಲ.

ಕ್ಯಾಮೆರಾದ ಮಾತು ಬಂತು ಎಂದು ಹೇಳುತ್ತೇನೆ. ನಮ್ಮ ಪೇಟೆಗಳ ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸತು ಬಂದು ಕೂರುತ್ತದೆ. ಕೆಲವು ಕಡೆ ವಾರ, ಕೆಲವು ಕಡೆ ತಿಂಗಳು, ಆಮೇಲೆ ಇಲ್ಲ. ಇನ್ನೊಂದು, ಆ ಪೆಟ್ಟಿಗೆಯ ಗಡಿಯಾರ ಸರಿ ಇರುವುದೇ ಕಡಿಮೆ. ಕರೆಂಟು ಹೋಗಿ ಬಂದು ಹತ್ತು ನಿಮಿಷ, ಒಂದು ಗಂಟೆ, ಕೆಲವೊಮ್ಮೆ ಒಂದು ದಿನವೇ ಆಚೀಚೆ ಆಗಿರುತ್ತದೆ. ನಾನು ಮೊದಲು ಮಾಡುವ ಕೆಲಸ, ಪರದೆಯ ಸಮಯ ಮತ್ತು ನನ್ನ ಫೋನಿನ ಸಮಯ ಎರಡೂ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳುವುದು. “ಸಂಜೆ ಏಳಕ್ಕೆ ಯಾರೂ ಹೋಗಿಲ್ಲ” ಎಂದು ಹೇಳಿದ ಅಂಗಡಿಯಲ್ಲೇ ಆರೂಕಾಲರ ದೃಶ್ಯದಲ್ಲಿ ಮಗು ಸಿಗುವುದುಂಟು.

ಮನೆಯಲ್ಲಿ ನಾನು ಮೊದಲು ಕೇಳುವುದು ಚಾರ್ಜರ್ ಎಲ್ಲಿ ಎಂದು. ಚಾರ್ಜರ್ ಇಲ್ಲ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಲ್ಲ, ಆಧಾರ್ ಇಲ್ಲ ಎಂದಾದರೆ ಹುಡುಗ ಹೋಗುವುದಕ್ಕೆ ತಯಾರಾಗಿಯೇ ಹೋಗಿದ್ದಾನೆ. ಕೆಲಸ ಹುಡುಕುತ್ತಾನೆ, ಹೋಟೆಲು ರೆಸಾರ್ಟುಗಳ ಕಡೆ ನೋಡಬೇಕು. ಎಲ್ಲ ಇಟ್ಟಲ್ಲೇ ಇದ್ದು ಮಗು ಮಾತ್ರ ಇಲ್ಲದಿದ್ದರೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಆಗ ಒಂದು ಗಂಟೆಯೂ ಕಳೆಯಬಾರದು. ದಯವಿಟ್ಟು ಆ ಕೋಣೆಯನ್ನು ಗುಡಿಸಬೇಡಿ, ಬಟ್ಟೆ ಮಡಚಿಡಬೇಡಿ, ಕಸದ ಬುಟ್ಟಿ ಹೊರಗೆ ಹಾಕಬೇಡಿ. ಮನೆಯಲ್ಲಿ ಬಿಟ್ಟುಹೋದ ಫೋನಿಗೆ ಲಾಕ್ ನಂಬರು ಊಹಿಸಿ ಊಹಿಸಿ ಒತ್ತಬೇಡಿ. ಅವನ ಸಿಮ್ ಬಂದ್ ಮಾಡಿಸಬೇಡಿ, ಅವನೇ ಫೋನ್ ಮಾಡಬೇಕೆಂದುಕೊಂಡರೆ? ಗೆಳೆಯರನ್ನು ಸಾಲಾಗಿ ನಿಲ್ಲಿಸಿ ಗದರಿಸಬೇಡಿ. ಹದಿನಾರರ ಮಕ್ಕಳು ಗದರಿದರೆ ಗೆಳೆಯನನ್ನು ಬಿಟ್ಟುಕೊಡುವುದಿಲ್ಲ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, “ಅವನಿಗೆ ಯಾರ ಹೆದರಿಕೆ ಇತ್ತು ಮಗಾ?” ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಎಲ್ಲಿಗೆ ಹೋದ ಎಂದು ಕೇಳಬೇಡಿ, ಅದು ಅವರಿಗೂ ಗೊತ್ತಿರುವುದಿಲ್ಲ.

ನಮ್ಮ ಬಸ್ಸಿನ ಕಂಡಕ್ಟರುಗಳು ಈ ಜಿಲ್ಲೆಯ ದೊಡ್ಡ ಆಸ್ತಿ. ದಿನಾ ಸಿದ್ದಕಟ್ಟೆಯಲ್ಲಿ ಇಳಿಯುವ ಮಗು ಒಂದು ದಿನ ಕಲರ್ ಡ್ರೆಸ್ಸಿನಲ್ಲಿ ಹತ್ತಿ ಮೂಡುಬಿದಿರೆಗೆ ಟಿಕೆಟು ಕೇಳಿದರೆ ಅವರಿಗೆ ನೆನಪಿರುತ್ತದೆ. ಆದರೆ ಫೋಟೊ ಮುಖಕ್ಕೆ ಹಿಡಿದು “ಇವನನ್ನು ನೋಡಿದ್ದೀರಾ?” ಎಂದರೆ ನಿಮ್ಮ ಕಣ್ಣೀರು ನೋಡಿ ಪಾಪ ಹೌದು ಎಂದುಬಿಡುತ್ತಾರೆ, ನಾವು ಎರಡು ದಿನ ತಪ್ಪು ದಾರಿಯಲ್ಲಿ ಸುತ್ತುತ್ತೇವೆ. ಮೊದಲು ಆ ದಿನದ ಆ ಟ್ರಿಪ್ಪಿನ ಬಗ್ಗೆ ಅವರೇ ಹೇಳಲಿ. ಫೋಟೊ ಕೊನೆಗೆ.

ಠಾಣೆಯ ಗಡಿ ಎಂಬುದು ಇಲ್ಲಿ ದೊಡ್ಡ ತೊಡಕು. ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್ಪಿಯವರ ವ್ಯಾಪ್ತಿ. ಮೂಡುಬಿದಿರೆ ಮಂಗಳೂರು ನಗರ ಪೊಲೀಸ್ ಕಮಿಷನರರದ್ದು. ಕಾರ್ಕಳ ಉಡುಪಿ ಜಿಲ್ಲೆ, ಚಾರ್ಮಾಡಿ ಹತ್ತಿದರೆ ಚಿಕ್ಕಮಗಳೂರು. ಹಳಿಯ ಮೇಲಿನದ್ದು ರೈಲ್ವೆ ಪೊಲೀಸರಿಗೆ. ವೇಣೂರಿನಲ್ಲಿ ಬಸ್ ಹತ್ತಿದ ಮಗು ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ವ್ಯಾಪ್ತಿ ದಾಟಿರುತ್ತದೆ. ಮೂಡುಬಿದಿರೆ, ಉಜಿರೆಯ ಹಾಸ್ಟೆಲುಗಳಲ್ಲಿ ಓದುವ ಎಷ್ಟೋ ಮಕ್ಕಳ ತಂದೆ ತಾಯಿ ಇರುವುದು ಬಾಗಲಕೋಟೆ, ವಿಜಯಪುರ, ಬಳ್ಳಾರಿಗಳಲ್ಲಿ. ಅವರು ರಾತ್ರಿ ಬಸ್ಸಿಗೆ ಕಾಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಅದರ ಪ್ರತಿ ಉಚಿತ.

“24 ಗಂಟೆ ಆಗಲಿ, ಬರುತ್ತಾನೆ” ಎಂಬ ಮಾತನ್ನು ನಾನು ಠಾಣೆಗಳಲ್ಲಿ ಕೇಳಿದ್ದೇನೆ. ಅಂಥ ಕಾನೂನು ಯಾವ ಕಾಲದಲ್ಲೂ ಇರಲಿಲ್ಲ. ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ 2013ರ ಮೇ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ: 18 ತುಂಬದ ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಮಾಡಬೇಕು, ಅಪಹರಣವೋ ಮಾನವ ಸಾಗಣೆಯೋ ಇರಬಹುದೆಂದು ಭಾವಿಸಿಯೇ ತನಿಖೆ ಶುರುಮಾಡಬೇಕು. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಅಂಚೆಯಲ್ಲಿ ಬರೆಯಿರಿ, ಆಮೇಲೆ ಮ್ಯಾಜಿಸ್ಟ್ರೇಟರು. ಫೋನಿನಲ್ಲಿ 1098 ಅಥವಾ 112.

ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಬೇಡಿ, ಪಣೋಲಿಬೈಲಿನ ಕಲ್ಲುರ್ಟಿ ದೈವಕ್ಕೆ ಹರಕೆ ಹೇಳಬೇಡಿ ಎಂದು ನಾನು ಹೇಳುವವನಲ್ಲ. ಕಳೆದುಹೋದದ್ದನ್ನು ಅಮ್ಮ ತೋರಿಸಿಕೊಡುತ್ತಾಳೆ ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ, ನನ್ನ ಮನೆಯಲ್ಲೂ ದೈವಕ್ಕೆ ಅಗೆಲು ಕೊಡುವ ಪದ್ಧತಿ ಉಂಟು. ಠಾಣೆಗೆ ಹೋಗಿ ಬಂದು ಹರಕೆ ಹೇಳಿ. “ದಕ್ಷಿಣ ದಿಕ್ಕಿನಲ್ಲಿದ್ದಾಳೆ” ಎಂದು ಯಾರೋ ಹೇಳಿದ್ದಕ್ಕೆ ಉತ್ತರದ ಬಸ್ಸಿನವರನ್ನು ಕೇಳದೆ ಬಿಡಬೇಡಿ.

ಹುಡುಕುತ್ತಿರುವ ಮಗುವಿಗೆ 18 ತುಂಬಿದ್ದರೆ ನನ್ನ ಕೆಲಸ ಬೇರೆಯಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಇಷ್ಟದಿಂದ ಹೋದ ಹತ್ತೊಂಬತ್ತರ ಹುಡುಗಿ ಕ್ಷೇಮವಾಗಿದ್ದಾಳೆ ಎಂದು ನಿಮಗೆ ತಿಳಿಸುತ್ತೇನೆ. ಅವಳು ಒಪ್ಪದೆ ವಿಳಾಸ ಕೊಡುವುದಿಲ್ಲ. ವಯಸ್ಸಿಗೆ ಬಂದವರ ಮದುವೆಗೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೋರ್ಟು ಹೇಳದಿದ್ದರೂ ನಾನು ಕೊಡುತ್ತಿರಲಿಲ್ಲ. ವಿಳಾಸ ಸಿಕ್ಕಿದ ರಾತ್ರಿ ಎರಡು ಕಾರು ತುಂಬ ಜನ ಹೊರಡುತ್ತಾರೆ. ಅವರಲ್ಲಿ ತಂದೆ ಇರುವುದೇ ಇಲ್ಲ, ಅವನಿಗೆ ಆಗಲೇ ಕಣ್ಣೀರು ಬತ್ತಿರುತ್ತದೆ.

ಮಗು ಸಿಕ್ಕಿದ ಮೇಲಿನ ಮಾತು ಯಾರೂ ಆಡುವುದಿಲ್ಲ. 18ರೊಳಗಿನವರಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಅದನ್ನು ಜೈಲು ಎಂಬಂತೆ ನೋಡಬೇಡಿ. ಮನೆಗೆ ಹೋಗಲು ಇಷ್ಟವಾ ಎಂದು ಆ ಮಗುವನ್ನು ಬಹುಶಃ ಮೊದಲ ಸಲ ಯಾರೋ ಕೇಳುವುದು ಅಲ್ಲಿ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮು ಅಂಥ ಮಗುವಿನ ಗುರುತನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ, ಆರು ತಿಂಗಳ ತನಕ ಸೆರೆ ಅಥವಾ ಎರಡು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹುಡುಕುವಾಗ ಫೋಟೊ ಬೇಕಾಗುತ್ತದೆ, ಪೊಲೀಸರ ಪ್ರಕಟಣೆಯ ಮೂಲಕ ಹೋಗಲಿ, ಅದರಲ್ಲಿ ಠಾಣೆಯ ನಂಬರು ಇರಲಿ. ಸಿಕ್ಕಿದ ಗಂಟೆಯಲ್ಲಿ ನಿಮ್ಮ ಗುಂಪಿನಿಂದ ತೆಗೆಯಿರಿ, ಬೇರೆಯವರಿಗೂ ತೆಗೆಯಲು ಹೇಳಿ. ಹದಿನೇಳರಲ್ಲಿ ಹೆದರಿ ಓಡಿದ ಹುಡುಗ ಇಪ್ಪತ್ತೇಳರಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಆ ಫೋಟೊ ಎಲ್ಲೋ ಇರುತ್ತದೆ. ಫರಂಗಿಪೇಟೆಯವನ ಹೆಸರನ್ನು ನಾನು ಬರೆಯದಿರುವುದು ಇದಕ್ಕೆ.

ಇನ್ನೊಂದು, ಪಿಯು ಮಕ್ಕಳಿರುವ ಮನೆಗಳಿಗೆ. ದ್ವಿತೀಯ ಪಿಯುಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಒಂದರಲ್ಲಿ ಹೋದರೆ ಇನ್ನೊಂದು. ವರ್ಷ ಹಾಳಾಗುವುದಿಲ್ಲ. ಇದು ನಿಮ್ಮ ಮಕ್ಕಳಿಗೂ ಗೊತ್ತಿದೆ. ನಿಮಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ. ಫೆಬ್ರವರಿಯಲ್ಲಿ ಊಟಕ್ಕೆ ಕೂತಾಗ ನೀವೇ ಬಾಯಿ ಬಿಟ್ಟು ಹೇಳಿ. ರಾತ್ರಿ ನಿದ್ದೆ ಬಾರದ ಮಕ್ಕಳಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಇಷ್ಟಾದ ಮೇಲೂ ನಿಮಗೆ ನನ್ನಂಥವನು ಬೇಕೆನಿಸಿದರೆ ಬನ್ನಿ, ಯಾವ ಹೊತ್ತಿಗಾದರೂ. ಬರುವಾಗ ಎಫ್‌ಐಆರ್ ಪ್ರತಿ ತನ್ನಿ. ಅದಿಲ್ಲದೆ ಬಂದರೆ ಶುಲ್ಕದ ಮಾತೆತ್ತದೆ ಮೊದಲು ನಿಮ್ಮನ್ನು ಠಾಣೆಗೆ ಕರೆದುಕೊಂಡು ಹೋಗುತ್ತೇನೆ, ದೂರು ಬರೆಯಲು ಜೊತೆಗೆ ಕೂರುತ್ತೇನೆ. ಹುಡುಕಲು ಹೊರಡುವುದು ಆಮೇಲೆ.

ಇತಿ ನಿಮ್ಮವ,
ಈ ಜಿಲ್ಲೆಯ ಒಬ್ಬ ಖಾಸಗಿ ಪತ್ತೇದಾರ